ಒಂಟಿ ಅಂಕ ಮತ್ತು ಜೊತೆಯ ಕಲಿಕೆ: ನಮಗೆ ಎಂತಹ ವೈದ್ಯರು ಬೇಕು?

(ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಮತ್ತು ಮುದ್ದೇಬಿಹಾಳದ ಪಾಲಕರ ಸಭೆಗಳ ನಂತರ, ಬಸವನ ಬಾಗೇವಾಡಿಯಲ್ಲಿ ನಡೆದ ಕೊನೆಯ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂಡಿ, ಸಿಂದಗಿ ಮತ್ತು ಮುದ್ದೇಬಿಹಾಳದ ಸಭೆಗಳನ್ನು ಮುಗಿಸಿ ನಾವು ಈ ಊರಿಗೆ ಬಂದಿದ್ದೇವೆ. ಮೂರೂ ಕಡೆಗಳಲ್ಲಿ ಪಾಲಕರು ಕೇಳಿದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ನೀಟ್ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದರೆ ಸರಕಾರಿ ಸೀಟು ಸಿಗುತ್ತದೆ? ಯಾವ ಊರಿನ ಕೋಚಿಂಗ್ ಉತ್ತಮ? ಖಾಸಗಿ ಕಾಲೇಜಿನ ಶುಲ್ಕಕ್ಕೆ ಹೊಲ ಮಾರಬೇಕೇ, ಸಾಲ ಮಾಡಬೇಕೇ? ಈ ಪ್ರಶ್ನೆಗಳು ಸಣ್ಣವಲ್ಲ. ಒಂದು ಕುಟುಂಬದ ಹತ್ತು ವರ್ಷಗಳ ದುಡಿಮೆ ಈ ಪ್ರಶ್ನೆಗಳ ಹಿಂದಿದೆ. ಆದರೆ ಈ ಮೂರೂ ಸಭೆಗಳಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯಿದೆ. ನಮ್ಮ ಮಗ ಅಥವಾ ಮಗಳು ಎಂತಹ ವೈದ್ಯರಾಗುತ್ತಾರೆ? ಇಂದು ನಾವು ತಮ್ಮ ಮುಂದಿಡಬಯಸುವುದು ಆ ಪ್ರಶ್ನೆಯನ್ನೇ.

ನಾವು ವೈದ್ಯರಲ್ಲ. ಮದ್ರಸಾದಲ್ಲಿ ಕಲಿತು, ಆ ಬಳಿಕ ಕಲಾ ವಿಭಾಗದಲ್ಲಿ ಪದವಿ ಪಡೆದು, ಪತ್ರಿಕೆಯಲ್ಲಿ ದುಡಿಯುವವರು. ಆದುದರಿಂದ ರೋಗಿಯ ಕಡೆಯವರಾಗಿ ಕಂಡ ಒಂದು ಘಟನೆಯಿಂದಲೇ ಮಾತು ಆರಂಭಿಸುತ್ತೇವೆ.

ಸಿಸ್ಟರ್ ಹೇಳಿದ ಮಾತು

ಕೆಲವು ವರ್ಷಗಳ ಹಿಂದೆ ನಮ್ಮ ಮಾಮು ಕಾಲಿನ ಹುಣ್ಣಿಗಾಗಿ ಒಂದು ದೊಡ್ಡ ದವಾಖಾನೆಗೆ ದಾಖಲಾದರು. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ಹುಣ್ಣನ್ನು ನೋಡುವ ವೈದ್ಯರು ಒಬ್ಬರು, ಸಕ್ಕರೆಯನ್ನು ನೋಡುವ ವೈದ್ಯರು ಇನ್ನೊಬ್ಬರು. ಇಬ್ಬರೂ ಕಲಿತವರು, ಇಬ್ಬರೂ ಒಳ್ಳೆಯ ಹೆಸರುಳ್ಳವರು. ಮನೆಗೆ ಕಳುಹಿಸುವ ದಿನ ಇಬ್ಬರೂ ತಮ್ಮ ತಮ್ಮ ಚೀಟಿ ಬರೆದರು. ಸಕ್ಕರೆ ಇಳಿಸುವ ಒಂದೇ ಔಷಧವು ಎರಡು ಕಂಪೆನಿಗಳ ಎರಡು ಹೆಸರುಗಳಲ್ಲಿ ಆ ಎರಡೂ ಚೀಟಿಗಳಲ್ಲಿತ್ತು. ವಾರ್ಡಿನಲ್ಲಿದ್ದ ಸಿಸ್ಟರ್ ಅದನ್ನು ಗಮನಿಸಿದರು. "ಸರ್, ಎರಡೂ ಒಂದ ಗುಳಿಗಿ ಅನಸ್ತದ" ಎಂದು ಮೆಲ್ಲಗೆ ಹೇಳಿದರು. ವೈದ್ಯರು ತಲೆಯೆತ್ತದೆ, "ನಿಮ್ಮ ಕೆಲಸ ನೀವು ಮಾಡ್ರಿ" ಎಂದರು. ಸಿಸ್ಟರ್ ಸುಮ್ಮನಾದರು. ಪಕ್ಕದಲ್ಲಿ ನಿಂತಿದ್ದ ನಾವೂ ಸುಮ್ಮನಾದೆವು.

ಮೂರನೆಯ ದಿನ ಫಜ್ರ್ ನಮಾಝಿಗೆ ಎಬ್ಬಿಸಲು ಹೋದಾಗ ಮಾಮು ಏಳಲಿಲ್ಲ. ಮೈ ಬೆವತು ತಣ್ಣಗಾಗಿತ್ತು. ತಾಲ್ಲೂಕು ಆಸ್ಪತ್ರೆಗೆ ಒಯ್ದು ರಕ್ತನಾಳಕ್ಕೆ ಗ್ಲೂಕೋಸ್ ಕೊಡಿಸಿದ ಮೇಲೆ ಕಣ್ಣು ತೆರೆದರು. ಅಲ್ಲಾಹನ ಕೃಪೆಯಿಂದ ಉಳಿದರು.

ಇಲ್ಲಿ ತಪ್ಪು ಯಾರದು? ಆ ಇಬ್ಬರು ವೈದ್ಯರಲ್ಲಿ ಯಾರಿಗೂ ಜ್ಞಾನದ ಕೊರತೆ ಇರಲಿಲ್ಲ. ಆ ಔಷಧದ ಬಗ್ಗೆ ಪರೀಕ್ಷೆಯಲ್ಲಿ ಕೇಳಿದ್ದರೆ ಇಬ್ಬರೂ ಪೂರ್ಣ ಅಂಕ ಪಡೆಯುತ್ತಿದ್ದರು. ಕೊರತೆ ಇದ್ದುದು ಬೇರೆಡೆ. ಒಬ್ಬರು ಇನ್ನೊಬ್ಬರನ್ನು ಕೇಳಲಿಲ್ಲ, ಮತ್ತು ಕೇಳಿಸಬೇಕಾಗಿದ್ದ ಮಾತನ್ನು ಕೇಳಿಸಿಕೊಳ್ಳಲಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು ಪ್ರಕಟಿಸಿದ ವರದಿಯು ಆ ದೇಶದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಮಂದಿ ತಡೆಯಬಹುದಾದ ತಪ್ಪುಗಳಿಂದ ಸಾಯುತ್ತಿರಬಹುದೆಂದು ಅಂದಾಜಿಸಿತು. ಇದಕ್ಕೆ ಮುಖ್ಯ ಕಾರಣ ಕೆಟ್ಟ ವೈದ್ಯರಲ್ಲ, ಕೆಲಸದ ವ್ಯವಸ್ಥೆಯಲ್ಲಿರುವ ದೋಷ ಎಂದು ಅದು ಹೇಳಿತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಚಿಕಿತ್ಸೆಗೆ ಮುನ್ನ ಅನುಸರಿಸಬೇಕಾದ ಒಂದು ಪುಟದ ತಪಾಸಣಾ ಪಟ್ಟಿಯನ್ನು ಹೊರತಂದಿತು. ಅದರಲ್ಲಿರುವ ಒಂದು ಅಂಶ ನಗು ತರಿಸುವಷ್ಟು ಸರಳವಾಗಿದೆ: ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಿ ಪರಿಚಯ ಮಾಡಿಕೊಳ್ಳಬೇಕು. ಎಂಟು ದೇಶಗಳ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಲಾಯಿತು. ನಮ್ಮ ದೆಹಲಿಯೂ ಅವುಗಳಲ್ಲೊಂದು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಜೊತೆಗಾರರು ಬಾಯಿ ಬಿಡುವಂತೆ ಮಾಡಿದ್ದೇ ಮುಖ್ಯ ಸಾಧನೆ.

ನಾವು ಆರಿಸುವ ಬಗೆ

ವೈದ್ಯಕೀಯವು ತಂಡದ ಕೆಲಸ ಎಂದಾದರೆ ವೈದ್ಯರಾಗುವವರನ್ನು ನಾವು ಆರಿಸುವುದು ಹೇಗೆ? 180 ಪ್ರಶ್ನೆಗಳು, 720 ಅಂಕಗಳು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ಈ ಪರೀಕ್ಷೆ ಬರೆದರು. ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಈ ಪರೀಕ್ಷೆಯಲ್ಲಿ ಪಕ್ಕದವನು ಎದುರಾಳಿ. ಅವನಿಗೆ ಒಂದು ಸೂತ್ರ ಹೇಳಿಕೊಟ್ಟರೆ ನಮ್ಮ ಸ್ಥಾನ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ ಎಂಬ ಭಯದಲ್ಲಿ ಮಕ್ಕಳು ಎರಡು ವರ್ಷ, ಕೆಲವೊಮ್ಮೆ ನಾಲ್ಕು ವರ್ಷ ಕಳೆಯುತ್ತಾರೆ. ಕೋಟಾ ನಗರವೊಂದರಲ್ಲಿಯೇ 2023ರಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಇಷ್ಟು ವರ್ಷ ಒಂಟಿಯಾಗಿ ಓಡಿದವನಿಗೆ ಕಾಲೇಜಿನ ಬಾಗಿಲು ದಾಟಿದ ಮರುದಿನ ನಾವು ಹೇಳುತ್ತೇವೆ: ಇನ್ನು ಮುಂದೆ ಎಲ್ಲರೊಡನೆ ಸೇರಿ ಕೆಲಸ ಮಾಡು. ಅದು ಹೇಗೆ ಸಾಧ್ಯ?

ಬೇರೆ ರೀತಿಯಲ್ಲಿ ಆರಿಸಿದವರು ನಮ್ಮ ದೇಶದಲ್ಲಿಯೇ ಇದ್ದರು. ನೆರೆಯ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜನ್ನು ಚಿಕಿತ್ಸೆಗಾಗಿ ಬಲ್ಲವರು ಈ ಸಭೆಯಲ್ಲಿಯೂ ಇರಬಹುದು. ಆ ಕಾಲೇಜು ಲಿಖಿತ ಪರೀಕ್ಷೆಯಲ್ಲಿ ಮುಂದಿದ್ದವರನ್ನು ಮಾತ್ರ ವೆಲ್ಲೂರಿಗೆ ಕರೆಸುತ್ತಿತ್ತು. ಅಲ್ಲಿ ಸಂದರ್ಶನದ ಜೊತೆಗೆ ಗುಂಪು ಚಟುವಟಿಕೆಗಳಿದ್ದವು. ಅಭ್ಯರ್ಥಿಗಳಿಗೆ ಒಟ್ಟಾಗಿ ಮಾಡುವ ಕೆಲಸವೊಂದನ್ನು ಕೊಟ್ಟು, ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಅಧ್ಯಾಪಕರು ಗಮನಿಸುತ್ತಿದ್ದರು. ಮಹಾರಾಷ್ಟ್ರದ ಸೇವಾಗ್ರಾಮದಲ್ಲಿ 1969ರಲ್ಲಿ ಆರಂಭವಾದ ಮಹಾತ್ಮಾ ಗಾಂಧಿ ವೈದ್ಯಕೀಯ ಕಾಲೇಜು ತನ್ನ ಪ್ರವೇಶ ಪರೀಕ್ಷೆಯಲ್ಲಿ ಗಾಂಧಿ ವಿಚಾರಧಾರೆಯ ಪತ್ರಿಕೆಯೊಂದನ್ನೂ ಇಟ್ಟಿತ್ತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯವು ಒಂದೇ ದೀರ್ಘ ಸಂದರ್ಶನದ ಬದಲು ಹಲವು ಕಿರು ಸಂದರ್ಶನಗಳ ಪದ್ಧತಿಯನ್ನು ರೂಪಿಸಿ 2004ರಲ್ಲಿ ಅದರ ವಿವರ ಪ್ರಕಟಿಸಿತು. ಇಂದು ಅನೇಕ ದೇಶಗಳ ವೈದ್ಯಕೀಯ ಕಾಲೇಜುಗಳು ಅದನ್ನು ಅನುಸರಿಸುತ್ತವೆ. ಒಂದೊಂದು ಕೊಠಡಿಯಲ್ಲಿ ಒಬ್ಬೊಬ್ಬ ಪರೀಕ್ಷಕ, ಒಂದೊಂದು ಸನ್ನಿವೇಶ, ಕೆಲವೇ ನಿಮಿಷಗಳ ಕಾಲಾವಕಾಶ.

ನೀಟ್ 2016ರಲ್ಲಿ ದೇಶದಾದ್ಯಂತ ಕಡ್ಡಾಯವಾದಾಗ ವೆಲ್ಲೂರಿನ ಕಾಲೇಜು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ತನ್ನ ಆಯ್ಕೆಯ ಕ್ರಮವನ್ನು ಬಿಡಲೊಪ್ಪದೆ 2017ರಲ್ಲಿ ನೂರು ಎಂ.ಬಿ.ಬಿ.ಎಸ್. ಸೀಟುಗಳ ಪೈಕಿ ಒಂದನ್ನು ಮಾತ್ರ ತುಂಬಿ ಉಳಿದವನ್ನು ಖಾಲಿ ಬಿಟ್ಟಿತು. ಆದರೆ 2020ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್, ನೀಟ್ ಅಲ್ಪಸಂಖ್ಯಾತ ಸಂಸ್ಥೆಗಳಿಗೂ ಅನ್ವಯಿಸುತ್ತದೆ, ಅದರಿಂದ ಸಂವಿಧಾನದ 30ನೇ ವಿಧಿಯ ಹಕ್ಕಿಗೆ ಧಕ್ಕೆಯಿಲ್ಲ ಎಂದು ತೀರ್ಪಿತ್ತಿತು. ಹೀಗೆ ತಂಡದಲ್ಲಿ ನಡೆದುಕೊಳ್ಳುವ ಗುಣವನ್ನು ನೋಡಿ ಪ್ರವೇಶ ಕೊಡುವ ಬಾಗಿಲು ನಮ್ಮ ದೇಶದಲ್ಲಿ ಮುಚ್ಚಿತು.

ಈ ತೀರ್ಪಿನ ಬಗ್ಗೆ ನಮ್ಮ ಸಮುದಾಯದಲ್ಲಿ ಬಹಳ ಅಸಮಾಧಾನವಿದೆ. ಆದರೆ ಇಲ್ಲಿ ನಾವು ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕಾಗಿದೆ. ವೆಲ್ಲೂರಿನವರು ತಮ್ಮದೊಂದು ಪದ್ಧತಿಯನ್ನು ಉಳಿಸಿಕೊಳ್ಳಲು ಹೋರಾಡಿದರು. ನಾವು 30ನೇ ವಿಧಿಯನ್ನು ಉಲ್ಲೇಖಿಸಿದಾಗ ಉಳಿಸಿಕೊಳ್ಳಲು ಬಯಸಿದ್ದೇನನ್ನು? ನಾವು ಯಾವುದೇ ಒಂದು ಸಂಸ್ಥೆಯತ್ತ ಬೆರಳು ತೋರುತ್ತಿಲ್ಲ. ಆದರೆ ಖಾಸಗಿ ಕಾಲೇಜುಗಳ ಸಂದರ್ಶನವೆಂದರೆ ವಿದ್ಯಾರ್ಥಿಯ ತಂದೆಯ ಜೇಬಿನ ಸಂದರ್ಶನ ಎಂಬ ಮಾತು ನಮ್ಮ ರಾಜ್ಯದಲ್ಲಿ ಸುಮ್ಮನೆ ಹುಟ್ಟಿಲ್ಲ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಲು ಕರ್ನಾಟಕವು 1984ರಲ್ಲಿಯೇ ಕಾನೂನು ಮಾಡಬೇಕಾಯಿತು. ಹಕ್ಕನ್ನು ಕೇಳುವ ನಾವು, ಆ ಹಕ್ಕಿನಿಂದ ಸಮಾಜಕ್ಕೆ ಎಂತಹ ವೈದ್ಯರನ್ನು ಕೊಡುತ್ತೇವೆಂಬ ಉತ್ತರವನ್ನೂ ಸಿದ್ಧಪಡಿಸಿಕೊಳ್ಳಬೇಕಾಗಿತ್ತು.

ಒಂದು ನ್ಯಾಯವಾದ ಆಕ್ಷೇಪ

ಸಿಂದಗಿಯ ಸಭೆಯಲ್ಲಿ ಈ ಮಾತು ಹೇಳಿದಾಗ ಹಿಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ಎದ್ದುನಿಂತರು. "ಯಂತ್ರಕ್ಕ ನನ್ನ ಮಗಳ ಹೆಸರು ಕಾಣಂಗಿಲ್ಲರೀ, ಬುರ್ಖಾನೂ ಕಾಣಂಗಿಲ್ಲ. ಸಂದರ್ಶನದಾಗ ಕೂತವರಿಗೆ ಎರಡೂ ಕಾಣ್ತಾವ" ಎಂದರು. ಸಭೆ ಸ್ತಬ್ಧವಾಯಿತು. ನಮ್ಮ ಬಳಿಯೂ ಆ ಕ್ಷಣಕ್ಕೆ ಉತ್ತರವಿರಲಿಲ್ಲ.

ಆ ತಾಯಿಯ ಮಾತು ಸತ್ಯ. ಗುಂಪು ಚಟುವಟಿಕೆಯಲ್ಲಿ ಇಂಗ್ಲಿಷ್ ಮಾತನಾಡುವವನು ನಾಯಕನಂತೆ ಕಾಣುತ್ತಾನೆ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ ಅಥವಾ ಉರ್ದು ಕಲಿತ ಮಗು ಮೌನವಾಗಿ ಕುಳಿತರೆ ಅದಕ್ಕೆ ಗುಣವಿಲ್ಲವೆಂದು ಬರೆಯಲಾಗುತ್ತದೆ. ಪರೀಕ್ಷಕರ ಮನಸ್ಸಿನಲ್ಲಿ ಜಾತಿ, ಧರ್ಮ, ಉಡುಪಿನ ಪೂರ್ವಗ್ರಹವಿದ್ದರೆ ಅದನ್ನು ಅಳೆಯುವ ಯಂತ್ರವಿಲ್ಲ. ನೀಟ್ ಪರೀಕ್ಷೆಯನ್ನು ಇಂದು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಬರೆಯಬಹುದು. ಅದಕ್ಕೆ ಅದರದೇ ರೋಗಗಳಿವೆ. 2024ರಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯ ಹಗರಣವನ್ನು ದೇಶವೇ ಕಂಡಿತು. ಕೋಚಿಂಗ್‌ಗೆ ಹಣವಿರುವವನಿಗೆ ಅದು ಅನುಕೂಲಕರ ಎಂಬುದೂ ನಿಜ. ಆದರೂ ಹೆಸರು ಕಾಣದ ಪರೀಕ್ಷೆಯು ಬಲಹೀನನಿಗೆ ಒಂದು ಗುರಾಣಿ. ಆ ಗುರಾಣಿಯನ್ನು ಕೈಬಿಡಿ ಎಂದು ನಾವು ಹೇಳುವುದಿಲ್ಲ.

ಹಾಗಾದರೆ ದಾರಿಯೇನು? ಪ್ರವೇಶದ ಬಾಗಿಲಲ್ಲಿ ನೋಡಲಾಗದ ಗುಣವನ್ನು ಬಾಗಿಲ ಒಳಗೆ ಬೆಳೆಸಬೇಕು. ಪ್ರವೇಶದ ಕ್ರಮವನ್ನು ಕಾನೂನು ನಿರ್ಧರಿಸಿದೆ. ತರಗತಿಯಲ್ಲಿ ಕಲಿಸುವ ಕ್ರಮದಲ್ಲಿ ಕಾಲೇಜಿಗೆ ಇನ್ನೂ ಸಾಕಷ್ಟು ಸ್ವಾತಂತ್ರ್ಯವಿದೆ. ಅಲ್ಲಿ ನಮಗೆ ನೆರವಾಗುವ ಪದ್ಧತಿಯ ಹೆಸರೇ ತಂಡಾಧಾರಿತ ಕಲಿಕೆ.

ತಂಡಾಧಾರಿತ ಕಲಿಕೆ ಎಂದರೇನು?

ಇದನ್ನು ರೂಪಿಸಿದವರು ವೈದ್ಯರಲ್ಲ. ಅಮೆರಿಕದ ಓಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ವ್ಯವಹಾರ ನಿರ್ವಹಣೆ ಬೋಧಿಸುತ್ತಿದ್ದ ಲ್ಯಾರಿ ಮೈಕೆಲ್ಸನ್ ಅವರ ತರಗತಿಯ ವಿದ್ಯಾರ್ಥಿಗಳ ಸಂಖ್ಯೆ 1970ರ ದಶಕದ ಕೊನೆಯಲ್ಲಿ ಇದ್ದಕ್ಕಿದ್ದಂತೆ ಹೆಚ್ಚಾಯಿತು. ದೊಡ್ಡ ತರಗತಿಯಲ್ಲಿ ಉಪನ್ಯಾಸ ಮಾಡಿ ಮುಗಿಸುವ ಬದಲು ಅವರು ವಿದ್ಯಾರ್ಥಿಗಳನ್ನು ತಂಡಗಳಾಗಿ ವಿಂಗಡಿಸಿ ಕಲಿಸಿದರು. 2000ದ ನಂತರ ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನ ಮೂಲಕ ಈ ಪದ್ಧತಿ ವೈದ್ಯಕೀಯ ಶಿಕ್ಷಣಕ್ಕೆ ಹರಡಿತು. 2007ರಲ್ಲಿ ಮೊದಲ ತಂಡದ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಸಿಂಗಾಪುರದ ಡ್ಯೂಕ್-ಎನ್.ಯು.ಎಸ್. ವೈದ್ಯಕೀಯ ಕಾಲೇಜು ತನ್ನ ಬೋಧನೆಯನ್ನೇ ಇದರ ಮೇಲೆ ಕಟ್ಟಿತು.

ಕ್ರಮ ಹೀಗಿದೆ. ಅಧ್ಯಾಪಕರು ತರಗತಿಯನ್ನು ಐದರಿಂದ ಏಳು ಮಂದಿಯ ತಂಡಗಳಾಗಿ ಮಾಡುತ್ತಾರೆ. ಗೆಳೆಯರು ಗೆಳೆಯರೊಡನೆ ಕೂಡುವಂತಿಲ್ಲ. ಅಧ್ಯಾಪಕರೇ ಬೇರೆಬೇರೆ ಹಿನ್ನೆಲೆಯವರನ್ನು ಬೆರೆಸಿ ತಂಡ ಮಾಡುತ್ತಾರೆ ಮತ್ತು ಆ ತಂಡ ಇಡೀ ಅವಧಿಗೆ ಬದಲಾಗುವುದಿಲ್ಲ. ಪಾಠವನ್ನು ಎಲ್ಲರೂ ಮನೆಯಲ್ಲಿ ಅಥವಾ ಹಾಸ್ಟೆಲಿನಲ್ಲಿ ಓದಿಕೊಂಡೇ ಬರಬೇಕು. ಬಂದೊಡನೆ ಪ್ರತಿಯೊಬ್ಬರೂ ಒಂಟಿಯಾಗಿ ಒಂದು ಕಿರು ಪರೀಕ್ಷೆ ಬರೆಯುತ್ತಾರೆ. ಓದದೆ ಬಂದವನು ಇಲ್ಲಿಯೇ ಸಿಕ್ಕಿಬೀಳುತ್ತಾನೆ. ನಂತರ ಅದೇ ಪ್ರಶ್ನೆಗಳನ್ನು ತಂಡವಾಗಿ ಚರ್ಚಿಸಿ ಉತ್ತರಿಸುತ್ತಾರೆ. ಅಧ್ಯಾಪಕರ ಉತ್ತರ ತಪ್ಪೆಂದು ತಂಡಕ್ಕೆ ಅನಿಸಿದರೆ ಪುಸ್ತಕದ ಆಧಾರ ಕೊಟ್ಟು ಲಿಖಿತ ಆಕ್ಷೇಪ ಸಲ್ಲಿಸಬಹುದು. ಯಾವ ವಿಷಯ ಅರ್ಥವಾಗಿಲ್ಲವೋ ಅದಕ್ಕೆ ಮಾತ್ರ ಅಧ್ಯಾಪಕರು ಚಿಕ್ಕ ಉಪನ್ಯಾಸ ಕೊಡುತ್ತಾರೆ. ಉಳಿದ ಸಮಯವೆಲ್ಲ ನಿಜಜೀವನದ ಸಮಸ್ಯೆಯನ್ನು ಬಿಡಿಸುವುದಕ್ಕೆ. ಕೊನೆಯಲ್ಲಿ ತಂಡದವರು ಒಬ್ಬರಿಗೊಬ್ಬರು ಅಂಕ ಕೊಡುತ್ತಾರೆ: ಯಾರು ಸಿದ್ಧತೆ ಮಾಡಿಕೊಂಡು ಬಂದರು, ಯಾರು ಇತರರ ಮಾತನ್ನು ಆಲಿಸಿದರು ಎಂಬುದಕ್ಕೆ.

ಒಂದು ಉದಾಹರಣೆ ನೋಡೋಣ. ಸಿಂದಗಿ ಭಾಗದ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳಿಗೆ ಹಾವು ಕಡಿದು ಒಂದು ಗಂಟೆಯಾಗಿದೆ. ತಾಲ್ಲೂಕು ಆಸ್ಪತ್ರೆಗೆ ಕರೆತಂದಿದ್ದಾರೆ. ಕಾಲು ಊದಿದೆ, ವಸಡಿನಲ್ಲಿ ರಕ್ತ ಜಿನುಗುತ್ತಿದೆ. ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟ ರಕ್ತ ಹೆಪ್ಪುಗಟ್ಟಿಲ್ಲ. ವಿಜಯಪುರ ಸುಮಾರು 60 ಕಿಲೋಮೀಟರ್ ದೂರ. ಈಗ ಮೊದಲು ಮಾಡಬೇಕಾದುದೇನು? ತಕ್ಷಣ ಆಂಬುಲೆನ್ಸಿನಲ್ಲಿ ವಿಜಯಪುರಕ್ಕೆ ಕಳುಹಿಸುವುದೇ? ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟುವುದೇ? ಇಲ್ಲಿಯೇ ವಿಷನಿರೋಧಕ ಔಷಧ ಆರಂಭಿಸಿ ಆಮೇಲೆ ಕಳುಹಿಸುವುದೇ? ಒಂದು ದಿನ ಕಾದುನೋಡುವುದೇ?

ಎಲ್ಲ ತಂಡಗಳೂ ಒಂದೇ ಸಮಸ್ಯೆಯನ್ನು ಚರ್ಚಿಸಿ, ಅಧ್ಯಾಪಕರು ಹೇಳಿದೊಡನೆ ಏಕಕಾಲಕ್ಕೆ ತಮ್ಮ ಉತ್ತರದ ಫಲಕವನ್ನು ಎತ್ತಿ ಹಿಡಿಯಬೇಕು. ಇನ್ನೊಬ್ಬರನ್ನು ನೋಡಿ ಬದಲಾಯಿಸುವಂತಿಲ್ಲ. ಎರಡು ತಂಡಗಳು ವಿಜಯಪುರಕ್ಕೆ ಕಳುಹಿಸಿ ಎನ್ನುತ್ತವೆ, ಉಳಿದವು ಇಲ್ಲಿಯೇ ಔಷಧ ಕೊಡಿ ಎನ್ನುತ್ತವೆ ಎಂದಿಟ್ಟುಕೊಳ್ಳಿ. ಆಗ ವಾದ ಆರಂಭವಾಗುತ್ತದೆ. ವಿಷವೇರಿದ ಲಕ್ಷಣ ಸ್ಪಷ್ಟವಿರುವಾಗ ಔಷಧವನ್ನು ಅಲ್ಲಿಯೇ ಆರಂಭಿಸಬೇಕು, ದಾರಿಯಲ್ಲಿ ಕಳೆಯುವ ಒಂದು ಗಂಟೆಯೇ ಜೀವ ತೆಗೆಯಬಹುದು ಎಂಬುದು ಸರಿಯಾದ ಉತ್ತರ. ಆದರೆ ಆ ಔಷಧಕ್ಕೆ ಮೈ ಒಗ್ಗದಿದ್ದರೆ ಎಂಬ ಪ್ರಶ್ನೆಯನ್ನು ಎತ್ತಿದ ವಿದ್ಯಾರ್ಥಿಯೂ ಸರಿ. ಅದಕ್ಕಾಗಿ ಅಡ್ರಿನಲಿನ್ ಚುಚ್ಚುಮದ್ದನ್ನು ಕೈಯಳತೆಯಲ್ಲಿ ಇಟ್ಟುಕೊಂಡೇ ಆರಂಭಿಸಬೇಕು. ಉಪನ್ಯಾಸದಲ್ಲಿ ಕೇಳಿದ್ದು ಪರೀಕ್ಷೆಯ ಮರುದಿನ ಮರೆಯಬಹುದು. ಗೆಳೆಯರೊಡನೆ ವಾದಿಸಿ ಸೋತ ಉತ್ತರವನ್ನು ಯಾರೂ ಮರೆಯುವುದಿಲ್ಲ. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿದೆ ಎಂಬುದನ್ನು ಗಮನಿಸಿದರೆ ಈ ಉದಾಹರಣೆ ನಮ್ಮ ಭಾಗಕ್ಕೆ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ.

ಇದರಿಂದ ಫಲವಿದೆಯೇ? ಮೈಕೆಲ್ಸನ್ ಮತ್ತು ಸಂಗಡಿಗರು 1989ರಲ್ಲಿ 222 ತಂಡಗಳ ಅಂಕಗಳನ್ನು ಪರಿಶೀಲಿಸಿದರು. ನೂರಕ್ಕೆ 97ರಷ್ಟು ತಂಡಗಳು ತಮ್ಮೊಳಗಿನ ಅತ್ಯಂತ ಬುದ್ಧಿವಂತ ಸದಸ್ಯನಿಗಿಂತಲೂ ಹೆಚ್ಚು ಅಂಕ ಪಡೆದಿದ್ದವು. ಅಂದರೆ ತರಗತಿಯ ಮೊದಲ ಸ್ಥಾನದವನಿಗೂ ಇತರರಿಂದ ಕಲಿಯುವುದಿತ್ತು. ಅಮೆರಿಕದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಗಳ ಮೇಲಿನ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಈ ಪದ್ಧತಿಯಲ್ಲಿ ಕಲಿತ ವಿಷಯಗಳಲ್ಲಿ ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆದರು ಮತ್ತು ಅತಿ ಹೆಚ್ಚಿನ ಲಾಭ ತರಗತಿಯ ಕೊನೆಯ ಸಾಲಿನವರಿಗಾಯಿತು ಎಂದು ಅದು ತೋರಿಸಿತು. ನಮ್ಮ ಸಣ್ಣ ಊರುಗಳಿಂದ ಹೋಗುವ ಮಕ್ಕಳಿಗೆ ಇದು ಮುಖ್ಯವಾದ ಸುದ್ದಿ.

ನಮಗೆ ಹೊಸದೇನಲ್ಲ

ಈ ಪದ್ಧತಿಯ ಬಗ್ಗೆ ಮೊದಲ ಬಾರಿ ಓದಿದಾಗ ನಮಗೆ ನಮ್ಮ ಮದ್ರಸಾದ ರಾತ್ರಿಗಳು ನೆನಪಾದವು. ಅಲ್ಲಿ ಕಲಿಕೆಗೆ ಮೂರು ಹಂತಗಳಿದ್ದವು. ಮೊದಲನೆಯದು ಮುತಾಲಆ: ನಾಳೆಯ ಪಾಠವನ್ನು ಇಂದೇ ಸ್ವತಃ ಓದಿ, ಅರ್ಥವಾಗದ ಕಡೆ ಗುರುತು ಹಾಕಿಕೊಳ್ಳುವುದು. ಎರಡನೆಯದು ದರ್ಸ್: ಉಸ್ತಾದರ ಮುಂದೆ ಪಾಠ. ಮೂರನೆಯದು ತಕ್‌ರಾರ್: ಇಶಾ ನಮಾಝಿನ ನಂತರ ಐದಾರು ಹುಡುಗರು ವೃತ್ತವಾಗಿ ಕುಳಿತು ಆ ದಿನದ ಪಾಠವನ್ನು ಒಬ್ಬರು ಇತರರಿಗೆ ಮತ್ತೆ ಹೇಳಿಕೊಡುವುದು. ಹೇಳುವವನು ಎಡವಿದರೆ ಉಳಿದವರು ತಡೆಯುತ್ತಿದ್ದರು. ವಾದ ಜೋರಾದರೆ ಮೂಲ ಗ್ರಂಥವನ್ನು ತೆರೆಯುತ್ತಿದ್ದೆವು. ನಮ್ಮ ವೃತ್ತದಲ್ಲಿ ವ್ಯಾಕರಣದಲ್ಲಿ ಬಹಳ ಹಿಂದುಳಿದಿದ್ದ ಹುಡುಗನೊಬ್ಬನಿದ್ದ. ಅವನಿಗೆ ಅರ್ಥವಾಗುವಂತೆ ಹೇಳಲು ಹೆಣಗಿದ ದಿನಗಳಲ್ಲಿಯೇ ನಮಗೆ ವ್ಯಾಕರಣ ಅರ್ಥವಾದದ್ದು. ಅವನು ಕೇಳುತ್ತಿದ್ದ ಪೆದ್ದು ಪ್ರಶ್ನೆಗಳು ನಮ್ಮ ಜ್ಞಾನದ ತೂತುಗಳನ್ನು ತೋರಿಸುತ್ತಿದ್ದವು.

ವೈದ್ಯಕೀಯದಲ್ಲಿಯೂ ಈ ಪರಂಪರೆ ಹಳೆಯದು. ಹತ್ತನೆಯ ಶತಮಾನದ ಆದಿಯಲ್ಲಿ ತೀರಿಕೊಂಡ ಮಹಾವೈದ್ಯ ಅಬೂಬಕರ್ ರಾಝಿಯವರ ಬೋಧನಾ ಕ್ರಮವನ್ನು ಇಬ್ನ್ ನದೀಮ್ ದಾಖಲಿಸಿದ್ದಾರೆ. ಶಿಷ್ಯರು ಸಾಲು ಸಾಲಾಗಿ ಕೂಡುತ್ತಿದ್ದರು. ಬಂದ ರೋಗಿಯನ್ನು ಮೊದಲು ಹೊರಸಾಲಿನ ಕಿರಿಯರು ವಿಚಾರಿಸುತ್ತಿದ್ದರು. ಅವರಿಗೆ ತಿಳಿಯದಿದ್ದರೆ ಒಳಗಿನ ಸಾಲಿನವರು. ಅವರಿಗೂ ತಿಳಿಯದಿದ್ದರೆ ಮಾತ್ರ ರಾಝಿ ಮಾತನಾಡುತ್ತಿದ್ದರು. ಕಿರಿಯನಿಗೆ ಮೊದಲು ಮಾತನಾಡುವ ಹಕ್ಕು! ನಮ್ಮ ಮಾಮುವಿನ ವಾರ್ಡಿನಲ್ಲಿ ಆ ಸಿಸ್ಟರಿಗೆ ಸಿಗದಿದ್ದುದು ಇದೇ ಹಕ್ಕು.

ಇನ್ನು ನಮ್ಮ ವಿಜಯಪುರ. ಎರಡನೇ ಇಬ್ರಾಹೀಮ್ ಆದಿಲ್‌ಶಾಹನ ಆಶ್ರಯದಲ್ಲಿ ಇತಿಹಾಸ ಬರೆದ ಫಿರಿಶ್ತಾನನ್ನು ಎಲ್ಲರೂ ಬಲ್ಲರು. ಅವನು ಭಾರತೀಯ ವೈದ್ಯ ಪದ್ಧತಿಯನ್ನು ಪಾರ್ಸಿಯಲ್ಲಿ ವಿವರಿಸುವ 'ದಸ್ತೂರುಲ್ ಅತಿಬ್ಬಾ' ಎಂಬ ಗ್ರಂಥವನ್ನೂ ಬರೆದನೆಂಬುದು ಬಹುಮಂದಿಗೆ ತಿಳಿಯದು. ಪರಂಪರೆಯೊಂದು ಇನ್ನೊಂದು ಪರಂಪರೆಯ ಮುಂದೆ ಕುಳಿತು ಕಲಿತ ಕುರುಹು ಅದು. ಬಸವಣ್ಣನವರು ಹುಟ್ಟಿದ ಈ ಊರಿನಲ್ಲಿ, ಅನುಭವ ಮಂಟಪದ ನೆನಪಿರುವ ಜನರ ಮುಂದೆ, ಒಟ್ಟಿಗೆ ಕುಳಿತು ಚರ್ಚಿಸುವುದರ ಮಹತ್ವವನ್ನು ನಾವು ವಿವರಿಸಬೇಕಾಗಿಲ್ಲ.

ಆದರೆ ಆತ್ಮಪ್ರಶಂಸೆ ಸಾಕು. ತಕ್‌ರಾರ್ ನಮ್ಮಲ್ಲಿತ್ತು ಎಂದು ಹೆಮ್ಮೆಪಡುವ ನಾವು, ಮದ್ರಸಾಗಳಲ್ಲಿ ಅದು ಅನೇಕ ಕಡೆ ಬರೀ ಬಾಯಿಪಾಠವಾಗಿ ಇಳಿದುದನ್ನು ಕಂಡೂ ಸುಮ್ಮನಿದ್ದೇವೆ. ಉಸ್ತಾದರಿಗೆ ಎದುರು ಪ್ರಶ್ನೆ ಕೇಳುವುದು ಅಗೌರವವೆಂದು ಮಕ್ಕಳಿಗೆ ಕಲಿಸಿದವರೂ ನಾವೇ.

ಕಾಗದದಿಂದ ತರಗತಿಗೆ

ನಿಯಮಗಳ ಕೊರತೆ ನಮ್ಮಲ್ಲಿಲ್ಲ. 2019ರಲ್ಲಿ ಎಂ.ಬಿ.ಬಿ.ಎಸ್. ಪಠ್ಯಕ್ರಮವನ್ನು ಸಾಮರ್ಥ್ಯಾಧಾರಿತವಾಗಿ ಬದಲಾಯಿಸಲಾಯಿತು. ನಡವಳಿಕೆ, ನೈತಿಕತೆ ಮತ್ತು ಸಂವಹನ ಎಂಬ ಪಾಠಭಾಗ ಬಂತು, ಸಣ್ಣ ಗುಂಪಿನ ಬೋಧನೆಗೆ ಸಮಯ ನಿಗದಿಯಾಯಿತು. ಆ ಬಳಿಕ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯವನ್ನು ನೋಡಿಕೊಳ್ಳುವ ಕಾರ್ಯಕ್ರಮವೂ ಸೇರಿತು. ಆದರೆ ನೂರೈವತ್ತು ವಿದ್ಯಾರ್ಥಿಗಳ ತರಗತಿಗೆ ಸಣ್ಣ ಗುಂಪುಗಳನ್ನು ಮಾಡಿ, ಗುಂಪಿಗೊಬ್ಬ ಅಧ್ಯಾಪಕರನ್ನು ಎಲ್ಲಿಂದ ತರುವುದು? ಅನೇಕ ಕಾಲೇಜುಗಳಲ್ಲಿ ಕಾಗದದ ಮೇಲೆ ಗುಂಪು, ಕೊಠಡಿಯಲ್ಲಿ ಅದೇ ಹಳೆಯ ಉಪನ್ಯಾಸ.

ತಂಡಾಧಾರಿತ ಕಲಿಕೆಯ ಅನುಕೂಲವಿರುವುದು ಇಲ್ಲಿಯೇ. ಒಂದೇ ಸಭಾಂಗಣದಲ್ಲಿ ಇಪ್ಪತ್ತೈದು ತಂಡಗಳನ್ನು ಒಬ್ಬ ಅಧ್ಯಾಪಕರು ನಡೆಸಬಹುದು. ಹೊಸ ಕಟ್ಟಡ ಬೇಡ. ಬೇಕಾಗಿರುವುದು ಅಧ್ಯಾಪಕರ ಶ್ರಮ. ಒಳ್ಳೆಯ ಪ್ರಶ್ನೆ ಬರೆಯುವುದು ಉಪನ್ಯಾಸ ಕೊಡುವುದಕ್ಕಿಂತ ಕಷ್ಟ. ಗುಂಪಾಗಿ ಕುಳಿತ ಮಾತ್ರಕ್ಕೆ ತಂಡವಾಗುವುದಿಲ್ಲ. ಒಂಟಿ ಪರೀಕ್ಷೆ, ಒಳ್ಳೆಯ ಸಮಸ್ಯೆ ಮತ್ತು ಪರಸ್ಪರ ಮೌಲ್ಯಮಾಪನ ಇಲ್ಲದಿದ್ದರೆ ಇಬ್ಬರು ದುಡಿದು ನಾಲ್ವರು ಮಲಗುವ ಹಳೆಯ ಕಥೆಯೇ ಮರುಕಳಿಸುತ್ತದೆ.

ನಮ್ಮ ಜಿಲ್ಲಾ ಕೇಂದ್ರದಲ್ಲಿ 1984ರಲ್ಲಿ ಆರಂಭವಾದ ಅಲ್-ಅಮೀನ್ ವೈದ್ಯಕೀಯ ಕಾಲೇಜು ಮತ್ತು 1986ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಇವೆ. ಸರಕಾರಿ ವೈದ್ಯಕೀಯ ಕಾಲೇಜನ್ನು ಖಾಸಗಿ ಸಹಭಾಗಿತ್ವವಿಲ್ಲದೆ ಸರಕಾರವೇ ಸ್ಥಾಪಿಸಬೇಕೆಂದು 2025ರಲ್ಲಿ ವಿಜಯಪುರದ ಜನರು ದೀರ್ಘಕಾಲ ಧರಣಿ ನಡೆಸಿದರು. ಆ ಬೇಡಿಕೆಯನ್ನು ನಾವು ಬೆಂಬಲಿಸುತ್ತೇವೆ. ಕಡಿಮೆ ಶುಲ್ಕದ ಸೀಟು ಬಡವರ ಹಕ್ಕು. ಜೊತೆಗೆ, ಆ ಕಾಲೇಜಿನಲ್ಲಿ ಹೇಗೆ ಕಲಿಸುತ್ತೀರಿ ಎಂಬ ಪ್ರಶ್ನೆಯನ್ನೂ ಆ ಬೇಡಿಕೆಗೆ ಸೇರಿಸಬೇಕಾಗಿದೆ.

ನಮ್ಮ ಹೆಣ್ಣುಮಕ್ಕಳು, ನಮ್ಮ ಹಾಸ್ಟೆಲುಗಳು

ಮುದ್ದೇಬಿಹಾಳದಲ್ಲಿ ಹಿರಿಯರೊಬ್ಬರು ಸಭೆಯ ನಂತರ ನಮ್ಮನ್ನು ಪಕ್ಕಕ್ಕೆ ಕರೆದು, "ತಮ್ಮಾ, ಅಧ್ಯಾಪಕರೇ ತಂಡ ಮಾಡ್ತಾರಂದ್ರ ನಮ್ಮ ಹುಡುಗಿ ಗಂಡುಹುಡುಗರ ಜೊತಿ ಕೂಡಬೇಕಾಗ್ತದಲ್ಲ?" ಎಂದು ಕೇಳಿದರು. ಅವರ ಕಳವಳವನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ನಾವು ಅವರಿಗೆ ಕೇಳಿದ್ದು ಇಷ್ಟೇ: ನಾಳೆ ಆಕೆ ವೈದ್ಯೆಯಾಗಿ ತುರ್ತು ವಿಭಾಗದಲ್ಲಿ ನಿಂತಾಗ ಅರಿವಳಿಕೆ ಕೊಡುವವರು, ರಕ್ತ ತರುವವರು, ಆಂಬುಲೆನ್ಸ್ ಚಾಲಕರು ಎಲ್ಲರೊಡನೆ ದೃಢವಾಗಿ ಮಾತನಾಡಲೇಬೇಕಲ್ಲವೇ? ಎಲ್ಲರ ಕಣ್ಣೆದುರು, ಅಧ್ಯಾಪಕರ ಸಮಕ್ಷಮದಲ್ಲಿ, ಪಾಠಕ್ಕಾಗಿ ನಡೆಯುವ ಚರ್ಚೆಯಲ್ಲಿ ಘನತೆಯಿಂದ ಮಾತನಾಡಲು ಆಕೆ ಕಲಿಯದಿದ್ದರೆ, ಆಕೆಯ ಸರಿಯಾದ ಮಾತನ್ನು ಅಲ್ಲಿ ಯಾರು ಕೇಳುತ್ತಾರೆ? ಹಯಾ ಎಂದರೆ ಮೌನವಲ್ಲ.

ಇನ್ನೊಂದು ಕಹಿ ಮಾತು. ಹಾಸ್ಟೆಲಿಗೆ ಹೋದ ನಮ್ಮ ಮಕ್ಕಳು ನಮ್ಮವರನ್ನೇ ಹುಡುಕಿ, ಅವರೊಡನೆಯೇ ಉಂಡು, ಅವರೊಡನೆಯೇ ಓದಿ ಹೊರಬರುತ್ತಾರೆ. ಇತರರೂ ಹಾಗೆಯೇ ಮಾಡುತ್ತಾರೆ. ಐದು ವರ್ಷ ಒಂದೇ ಕಟ್ಟಡದಲ್ಲಿದ್ದು ಪರಸ್ಪರರ ಮನೆಯ ಊಟದ ರುಚಿ ತಿಳಿಯದ ವೈದ್ಯರು ಪದವಿ ಪಡೆಯುತ್ತಿದ್ದಾರೆ. ಅಧ್ಯಾಪಕರು ಬೆರೆಸಿದ ಆರು ಮಂದಿಯ ತಂಡದಲ್ಲಿ ಒಬ್ಬ ಲಿಂಗಾಯತ, ಒಬ್ಬ ದಲಿತ, ಒಬ್ಬ ಮುಸ್ಲಿಮ್, ಇಂಡಿಯ ಲಿಂಬೆ ತೋಟದವನೊಬ್ಬ, ಬೆಂಗಳೂರಿನ ಬಂಗಲೆಯವಳೊಬ್ಬಳು ಒಂದೇ ರೋಗಿಯ ಪ್ರಾಣಕ್ಕಾಗಿ ವಾದಿಸಿದರೆ ಅವರ ನಡುವಿನ ಅಪನಂಬಿಕೆ ಉಪದೇಶವಿಲ್ಲದೆಯೇ ಸ್ವಲ್ಪ ಕರಗುತ್ತದೆ. ದೊಡ್ಡ ಸಭಾಂಗಣದಲ್ಲಿ ಇಂಗ್ಲಿಷಿಗೆ ಹೆದರಿ ಬಾಯಿ ಮುಚ್ಚಿದವನು ಆರು ಮಂದಿಯ ನಡುವೆ ಕನ್ನಡದಲ್ಲಿಯಾದರೂ ತನ್ನ ಸಂದೇಹವನ್ನು ಹೇಳುತ್ತಾನೆ.

ಈ ನಾಲ್ಕು ಊರುಗಳಲ್ಲಿ ಮಾಡಬಹುದಾದದ್ದು

ಕೊನೆಯದಾಗಿ, ಕಾಲೇಜುಗಳು ಬದಲಾಗುವವರೆಗೆ ಕಾಯುವ ಅಗತ್ಯವಿಲ್ಲ. ಮಕ್ಕಳಲ್ಲಿ ಈ ಅಭ್ಯಾಸವನ್ನು ಪಿ.ಯು.ಸಿ.ಯಲ್ಲಿಯೇ ಬೆಳೆಸಬಹುದು. ವಾರಕ್ಕೊಮ್ಮೆ, ರವಿವಾರ, ಶಾಲೆಯ ಒಂದು ಕೊಠಡಿಯಲ್ಲಿ ಆರಾರು ಮಕ್ಕಳು ಸೇರಲಿ. ಜೀವಶಾಸ್ತ್ರದ ಒಂದು ಅಧ್ಯಾಯವನ್ನು ಓದಿಕೊಂಡು ಬರಲಿ. ಹತ್ತು ಪ್ರಶ್ನೆಗಳಿಗೆ ಮೊದಲು ಒಂಟಿಯಾಗಿ, ಆಮೇಲೆ ಜೊತೆಯಾಗಿ ಉತ್ತರಿಸಲಿ. ಉತ್ತರ ತಪ್ಪಿದಲ್ಲಿ ಪುಸ್ತಕ ತೆರೆದು ವಾದಿಸಲಿ. ಹೆಣ್ಣುಮಕ್ಕಳಿಗೆ ಅವರದೇ ವೃತ್ತಗಳಿರಲಿ. ನೆರೆಹೊರೆಯ ಇತರ ಸಮುದಾಯಗಳ ಮಕ್ಕಳನ್ನೂ ಕರೆಯಿರಿ. ಖರ್ಚು ಹತ್ತು ಹಾಳೆ ಕಾಗದ, ಒಂದು ಕೆಟಲ್ ಚಹಾ. ಕೋಚಿಂಗಿಗೆ ಲಕ್ಷ ಕೊಡಲಾಗದ ಮನೆಯ ಮಗುವಿಗೆ ಇದೇ ಕೋಚಿಂಗ್. ಪಕ್ಕದವನಿಗೆ ಹೇಳಿಕೊಟ್ಟರೆ ತನ್ನ ಅಂಕ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ ಎಂಬುದನ್ನು ಆ ಮಗು ಸ್ವಾನುಭವದಿಂದ ಕಲಿಯಲಿ.

ಎರಡನೆಯದು, ಸೀಟು ಸಿಕ್ಕ ಪಾಲಕರಿಗೆ. ಕಾಲೇಜಿಗೆ ಹೋದಾಗ ಶುಲ್ಕ ಮತ್ತು ಹಾಸ್ಟೆಲಿನ ಬಗ್ಗೆ ಮಾತ್ರ ಕೇಳಿ ಮರಳಬೇಡಿ. ಸಣ್ಣ ಗುಂಪಿನಲ್ಲಿ ಕಲಿಸುತ್ತೀರಾ? ಹಳ್ಳಿಯ ಕುಟುಂಬಗಳ ಭೇಟಿ ನಿಜವಾಗಿ ನಡೆಯುತ್ತದೆಯೇ? ದಾದಿಯರ ವಿದ್ಯಾರ್ಥಿಗಳೂ ವೈದ್ಯ ವಿದ್ಯಾರ್ಥಿಗಳೂ ಎಂದಾದರೂ ಒಟ್ಟಿಗೆ ಕಲಿಯುತ್ತಾರೆಯೇ? ಎಂದು ಕೇಳಿರಿ. ಕೇಳುವವರಿದ್ದರೆ ಉತ್ತರಿಸುವವರು ಸಿದ್ಧರಾಗುತ್ತಾರೆ.

ಮೂರನೆಯದು, ನಮ್ಮ ಸಂಸ್ಥೆಗಳನ್ನು ನಡೆಸುವ ಹಿರಿಯರಿಗೆ. ಪ್ರವೇಶದ ಹಕ್ಕು ಹೋಯಿತೆಂದು ಮರುಗುತ್ತ ಕೂಡುವ ಬದಲು ಕಲಿಸುವ ಬಗೆಯಲ್ಲಿ ಮಾದರಿಯಾಗಿರಿ. ಅಲ್ಪಸಂಖ್ಯಾತ ಕಾಲೇಜೊಂದರಲ್ಲಿ ಕಲಿತ ವೈದ್ಯರು ಸಿಸ್ಟರಿನ ಮಾತನ್ನು ಆಲಿಸುತ್ತಾರೆ, ಬಡವನ ಮಾತನ್ನು ಪೂರ್ತಿ ಕೇಳುತ್ತಾರೆ ಎಂಬ ಹೆಸರು ಬಂದರೆ, ಅದಕ್ಕಿಂತ ಬಲವಾದ ವಾದವನ್ನು ಯಾವ ವಕೀಲರೂ ನ್ಯಾಯಾಲಯದಲ್ಲಿ ಮಂಡಿಸಲಾರರು.

ಸಿಂದಗಿಯ ಆ ತಾಯಿಗೆ ಕೊಡಬೇಕಾದ ಉತ್ತರ ನಮಗೆ ದಾರಿಯಲ್ಲಿ ಹೊಳೆಯಿತು. ಅಮ್ಮಾ, ನಿಮ್ಮ ಮಗಳು ಹೆಸರು ಕಾಣದ ಪರೀಕ್ಷೆಯನ್ನು ಗೆದ್ದು ಒಳಗೆ ಹೋಗಲಿ. ಒಳಗೆ ಹೋದ ಮೇಲೆ ಅವಳ ಹೆಸರು, ಅವಳ ಉಡುಪು, ಅವಳ ಮಾತು ಎಲ್ಲವೂ ಕಾಣುವ ಐದು ಜೊತೆಗಾರರ ನಡುವೆ ಕುಳಿತು ಅವರ ವಿಶ್ವಾಸವನ್ನೂ ಗೆಲ್ಲಲಿ. ಮುಂದೊಂದು ದಿನ ಯಾರದೋ ಮಾಮು ಅವಳ ವಾರ್ಡಿನಲ್ಲಿ ಮಲಗಿರುತ್ತಾರೆ. ಸಿಸ್ಟರ್ ಮೆಲ್ಲಗೆ ಏನನ್ನೋ ಹೇಳುತ್ತಾರೆ. ಅವಳು ಬರೆಯುತ್ತಿದ್ದ ಪೆನ್ನನ್ನು ನಿಲ್ಲಿಸಿ, ತಲೆಯೆತ್ತಿ, "ಏನಂದ್ರಿ ಸಿಸ್ಟರ್, ಇನ್ನೊಮ್ಮೆ ಹೇಳ್ರಿ" ಎನ್ನುವಂತಾಗಲಿ.